ಅಪ್‌ಡೇಟ್: ರಜೆ ಅರ್ಜಿ ತರುವ ಟೂಲ್‌ನ ಡಾಕ್ಯುಮೆಂಟೇಶನ್
ನೌಕರರ ರಜೆ ಅರ್ಜಿಗಳನ್ನು ತಂದುಕೊಡುವ ನಮ್ಮ ಟೂಲ್‌ಗೆ ಡಾಕ್ಯುಮೆಂಟೇಶನ್ (ಅದನ್ನು ಬಳಸೋದು ಹೇಗೆ ಅನ್ನೋ ವಿವರ) ಹೇಗೆ ಬರೆಯಲಿ ಅಂತ ಕೇಳಿದ್ದೆನಲ್ಲ, ಹೆಚ್ಚುಕಮ್ಮಿ ಮುಗಿಯಿತು. ನೀವು ಹೇಳಿದ ಹಾಗೆ ಮೊದಲು ಉದಾಹರಣೆ, ಆಮೇಲೆ ವಿವರಣೆ ಇಟ್ಟೆ.

ಬರೆಯಲು ಕೂತಾಗಲೇ ಒಂದು ತಪ್ಪು ಸಿಕ್ಕಿತು. ಮಾರ್ಚ್ 1ರಿಂದ 31ರವರೆಗಿನ ಅರ್ಜಿ ಕೇಳಿದರೆ, ಫೆಬ್ರವರಿ 27ಕ್ಕೆ ಶುರುವಾಗಿ ಮಾರ್ಚ್ 3ಕ್ಕೆ ಮುಗಿಯುವ ರಜೆ ಬರುತ್ತಲೇ ಇರಲಿಲ್ಲ. ಟೂಲ್ ಶುರುವಿನ ತಾರೀಖು ಮಾತ್ರ ನೋಡುತ್ತಿತ್ತು! ಈಗ ಒಂದೇ ಒಂದು ದಿನ ಮಾರ್ಚ್‌ನೊಳಗೆ ಬಿದ್ದರೂ ಸಾಕು, ಪಟ್ಟಿಗೆ ಬರುತ್ತದೆ.

ಯಾವ ಸ್ಟೇಟಸ್‌ನ (ಮಂಜೂರಾದದ್ದೋ, ಬಾಕಿಯಿರೋದೋ) ಅರ್ಜಿ ಬೇಕು ಅಂತ ಕೊಡದಿದ್ದರೆ ಮಂಜೂರಾದ ಅರ್ಜಿಗಳು ಮಾತ್ರ ಬರುತ್ತವೆ ಅನ್ನೋದನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಜಾಸ್ತಿ ಜನ ಅಲ್ಲೇ ಎಡವುತ್ತಿದ್ದರು. ಏನಾದರೂ ತಪ್ಪಾದಾಗ ಬರುವ ಎರರ್ ಕೋಡ್‌ಗಳಲ್ಲಿ 401 ಅಂದರೆ ಲಾಗಿನ್ ಸರಿಯಿಲ್ಲ, 403 ಅಂದರೆ ಅನುಮತಿ ಇಲ್ಲ, ಅಷ್ಟೇ ಬರೆದಿದ್ದೇನೆ. ಉಳಿದದ್ದು ಬಾಕಿ. ಬೋರು ಕೆಲಸ ಅಲ್ವಾ!