ಕಾಳಿ ಸೇತುವೆಗೆ ಮೊದಲು ಕೋಡಿಬಾಗದ ತಾರಿ ಹೇಗಿತ್ತು?

ಪ್ರಶ್ನೆ: ನನ್ನ ಅಜ್ಜಿಯ ತವರು ಸದಾಶಿವಗಡ. ಯಾವ ಕೆಲಸ ಕೆಟ್ಟರೂ ಅವರು "ತಾರಿ ತಪ್ಪಿತು" ಎನ್ನುತ್ತಾರೆ. ಕಾಳಿ ನದಿ ದಾಟಿಸಿ ಕಾರವಾರದ ಕೋಡಿಬಾಗಕ್ಕೆ ಒಯ್ಯುತ್ತಿದ್ದ ಆ ತಾರಿಯಲ್ಲಿ, ಅಂದರೆ ದೋಣಿಯಲ್ಲಿ, ಓಡಾಡಿದವರು ಇಲ್ಲಿ ಯಾರಾದರೂ ಇದ್ದೀರಾ?

ಉತ್ತರ, ಹಳೆಯ ಸದಾಶಿವಗಡದವ: ನಾನು ಕಾಲೇಜು ಮುಗಿಸಿದ್ದೇ ಆ ತಾರಿಯಲ್ಲಿ, ಎಪ್ಪತ್ತರ ದಶಕದಲ್ಲಿ. ಬೇಸಿಗೆಯಲ್ಲಿ ಅದೇನೂ ದೊಡ್ಡ ಸಂಗತಿಯಲ್ಲ. ಮಳೆಗಾಲದ ಕಾಳಿ ಬೇರೆಯೇ. ನೀರು ಕೆಂಪಾಗಿ ಸಮುದ್ರದತ್ತ ನುಗ್ಗುವಾಗ ಲಾಂಚು ನೇರ ದಾಟುತ್ತಿರಲಿಲ್ಲ. ದಡದ ಬದಿಯಲ್ಲೇ ಮೂಡಲಿಗೆ ಏರಿಸಿ, ನಡುನೀರಿನಲ್ಲಿ ಮೂತಿ ಓರೆ ಮಾಡಿ, ಸೆಳವು ತಳ್ಳಿದಂತೆ ಜಾರುತ್ತ ಕೋಡಿಬಾಗದ ಧಕ್ಕೆಗೆ ತಂದು ನಿಲ್ಲಿಸುತ್ತಿದ್ದರು. ಒಂದು ಮಾರು ತಪ್ಪಿದರೆ ಮತ್ತೆ ಮೊದಲಿನಿಂದ. ಆ ಕ್ಷಣದಲ್ಲಿ ಮೀನು ಮಾರುವ ಹೆಂಗಸರೂ ಮಾತು ನಿಲ್ಲಿಸುತ್ತಿದ್ದರು. ಅದಕ್ಕಿಂತ ದೊಡ್ಡ ಅಪಾಯಸೂಚನೆ ಬೇಡ. ಅವರ ಬಾಂಗಡೆ ಬುಟ್ಟಿಯ ನೀರು ನನ್ನ ಪ್ಯಾಂಟಿಗೆ ಇಳಿದು, ತರಗತಿಯಲ್ಲಿ ಕೊನೆಯ ಬೆಂಚೇ ನನಗೆ ಕಾಯಂ ಆಗಿತ್ತು.

ಅಪ್ಪನ ಕಾಲದಲ್ಲಿ ನಮ್ಮ ದಡದ ರಸ್ತೆ ಮಾಜಾಳಿ ದಾಟಿದರೆ ಪೋರ್ಚುಗೀಸರ ಗಡಿ. 1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆಯಾದ ಮೇಲೆ ಜನಸಂಚಾರ ಹೆಚ್ಚಿತು. ಎಂಬತ್ತರ ದಶಕದಲ್ಲಿ ಸೇತುವೆ ಬಂತು, ತಾರಿಯನ್ನು ಕೇಳುವವರಿಲ್ಲವಾಯಿತು. 2024ರ ಆಗಸ್ಟ್ 7ರಂದು, ಮಧ್ಯರಾತ್ರಿ ಕಳೆದ ಮೇಲೆ, ಆ ಸೇತುವೆಯೇ ಕುಸಿದು ಲಾರಿಯೊಂದು ನದಿಗೆ ಬಿತ್ತಲ್ಲ, ಆಗ ಚಾಲಕನನ್ನು ಕಾಪಾಡಲು ಹೋದದ್ದು ಮೀನುಗಾರರ ದೋಣಿ.

ಉತ್ತರ, ಕುಮಟಾದಿಂದ: ನಮ್ಮಲ್ಲಿ ಅಘನಾಶಿನಿ ಊರಿನಿಂದ ತದಡಿಗೆ ದೋಣಿ ಇನ್ನೂ ಇದೆ. ಅದಿಲ್ಲದಿದ್ದರೆ ಗೋಕರ್ಣಕ್ಕೆ ಮಿರ್ಜಾನ, ಹಿರೇಗುತ್ತಿ, ಮಾದನಗೇರಿ ಎಂದು ಸುತ್ತಬೇಕು. ಅಜ್ಜಿಯವರನ್ನು ಒಮ್ಮೆ ಕರೆದುಕೊಂಡು ಬನ್ನಿ.

ಪ್ರಶ್ನೆ ಕೇಳಿದವಳು: ಅಜ್ಜಿಗೆ ಎಲ್ಲವನ್ನೂ ಓದಿ ಹೇಳಿದೆ. ಪ್ಯಾಂಟಿನ ಕತೆಗೆ ನಕ್ಕು, "ಬುಟ್ಟಿಯ ತಳಕ್ಕೆ ಬಾಳೆ ಎಲೆ ಹಾಸದವರು ಯಾರೋ ಇರಬೇಕು, ನನ್ನ ಅಮ್ಮ ಹಾಸುತ್ತಿದ್ದಳು" ಎಂದರು. ಮುತ್ತಜ್ಜಿ ಮೀನು ಮಾರುತ್ತಿದ್ದರೆಂದು ನನಗೆ ತಿಳಿದದ್ದು ಈಗಲೇ.