ಸಹಾಯ ಬೇಕು: ತಂಗಿಗೆ ಲ್ಯಾಪ್‌ಟಾಪ್, ಬ್ಯಾಟರಿ ಬಾಳಿಕೆ ಮುಖ್ಯ

ಎಲ್ಲರಿಗೂ ನಮಸ್ಕಾರ. ನಮ್ಮದು ಚಿತ್ರದುರ್ಗ. ತಂಗಿ ದಿನಾ ಬಸ್ಸಲ್ಲಿ ದಾವಣಗೆರೆಗೆ ಇಂಜಿನಿಯರಿಂಗ್ ಓದೋಕೆ ಹೋಗ್ತಾಳೆ. ಈಗ ಅವಳ ಹತ್ರ ಇರೋದು ನನ್ನ 2018ರ ಲ್ಯಾಪ್‌ಟಾಪ್, ಇಂಟೆಲ್ ಐ5-8250ಯು ಪ್ರೊಸೆಸರ್, 8ನೇ ಜನರೇಷನ್, 4 ಕೋರ್. ಕೋಡಿಂಗ್‌ಗೆ ಇವತ್ತಿಗೂ ಪರವಾಗಿಲ್ಲ, ಸತ್ತಿರೋದು ಬ್ಯಾಟರಿ. ಬ್ಯಾಟರಿ ರಿಪೋರ್ಟ್ ತೆಗೆದು ನೋಡಿದೆ: ಪೂರ್ತಿ ಚಾರ್ಜಲ್ಲಿ ಹಿಡಿಯೋ ಶಕ್ತಿ ಹೊಸದರಲ್ಲಿ 42 ವ್ಯಾಟ್-ಅವರ್, ಈಗ 16. ರಾತ್ರಿಯೆಲ್ಲ ಚಾರ್ಜಿಗೆ ಹಾಕಿದ್ರೂ ಎರಡನೇ ಪೀರಿಯಡ್ ಹೊತ್ತಿಗೆ ಕೆಂಪು ಗೆರೆ. ಲ್ಯಾಬಲ್ಲಿ ಪ್ಲಗ್ ಸಿಗೋದೇ ಕಷ್ಟ, ಹೋದ ವಾರ ಅರ್ಧ ಬರೆದ ಪ್ರೋಗ್ರಾಂ ಹೋಯ್ತು ಅಂತ ಅತ್ತಳು.

ಅಂಗಡಿಯಲ್ಲಿ ಎರಡು ತೋರಿಸಿದ್ದಾರೆ, ಬೆಲೆ ಹೆಚ್ಚೂಕಮ್ಮಿ ಒಂದೇ. ಒಂದರಲ್ಲಿ ಐ5-1235ಯು ಪ್ರೊಸೆಸರ್: 2 ದೊಡ್ಡ (ವೇಗದ), 8 ಸಣ್ಣ (ಕರೆಂಟ್ ಉಳಿಸೋ) ಕೋರ್, ಮೂಲ ಪವರ್ 15 ವ್ಯಾಟ್. ಇನ್ನೊಂದರಲ್ಲಿ ಐ5-1240ಪಿ: 4 ದೊಡ್ಡ, 8 ಸಣ್ಣ, 28 ವ್ಯಾಟ್. ಪಿ ವೇಗ ಜಾಸ್ತಿ ಅನ್ನೋದು ಗೊತ್ತು, ಆದರೆ ಪವರ್ ಕೂಡ ಜಾಸ್ತಿ ತಿನ್ನುತ್ತೆ, ಅವಳ ಕೆಲಸಕ್ಕೆ ಯು ಸಾಕು ಅಂತ ನನಗನ್ನಿಸುತ್ತೆ. 13ನೇ ಜನರೇಷನ್ನಿನ 1335ಯು ಕೂಡ ಅದೇ 2+8, ಅದಕ್ಕೆ ಹೆಚ್ಚು ದುಡ್ಡು ಕೊಡೋಕೆ ಮನಸ್ಸಿಲ್ಲ.

ಎಎಂಡಿ ಕಂಪನಿಯ ರೈಜನ್ 5 7530ಯು ಪ್ರೊಸೆಸರ್ ಬಳಸ್ತಿರೋರು ಇದ್ದೀರಾ? ಹೆಸರು 7000 ಆದ್ರೂ ಒಳಗಿರೋದು ಹಳೇ ಜೆನ್ 3 ಡಿಸೈನಿನ ಕೋರ್‌ಗಳೇ. ದಯವಿಟ್ಟು ಹೇಳಿ: ಅರ್ಧ ಬ್ರೈಟ್‌ನೆಸ್, ವೈಫೈ ಆನ್, ಬ್ರೌಸರ್ ಜೊತೆ ಕೋಡಿಂಗ್, ನಿಜವಾಗಿ ಎಷ್ಟು ಗಂಟೆ ಬರುತ್ತೆ? ನಿಮ್ಮ ಬ್ಯಾಟರಿ ಎಷ್ಟು ವ್ಯಾಟ್-ಅವರ್ ಅನ್ನೋದನ್ನೂ ಬರೀರಿ, ಇಲ್ಲಾಂದ್ರೆ ಹೋಲಿಸೋಕೆ ಆಗಲ್ಲ. ಭಾನುವಾರ ದಾವಣಗೆರೆಗೆ ಹೋಗಿ ತಗೋಬೇಕು.