ಬೆನ್ನಿನ ನೀರು ತೆಗೆಸೋಕೆ ಅಮ್ಮ ಒಪ್ಪುತ್ತಿಲ್ಲ, ಏನು ಮಾಡಲಿ?

ಹಾಸನದ ತಂಗಿ:
ನಮ್ಮಣ್ಣನಿಗೆ 34 ವರ್ಷ. ಮೂರು ವಾರದಿಂದ ತಲೆನೋವು, ಸಂಜೆಯಾದರೆ ಸಣ್ಣಗೆ ಜ್ವರ. ಮೊದಲು ಮೈಗ್ರೇನ್ ಅಂದರು. ಆಮೇಲೆ ಟೈಫಾಯ್ಡ್ ಅಂತ ಐದು ದಿನ ಡ್ರಿಪ್ ಹಾಕಿದರು. ನಾಲ್ಕು ದಿನದಿಂದ ವಾಂತಿ. ನಿನ್ನೆ ಅಂಗಡಿ ಲೆಕ್ಕದ ಪುಸ್ತಕದಲ್ಲಿ ಒಂದೇ ಸಾಲನ್ನು ಮೂರು ಸಲ ಬರೆದಿದ್ದಾನೆ. ಯಾವತ್ತೂ ರೇಗದವನು ಮಗಳ ಮೇಲೆ ಕೂಗಾಡಿದ. ಇವತ್ತು ದೊಡ್ಡಾಸ್ಪತ್ರೆಗೆ ಸೇರಿಸಿದ್ದೀವಿ. ಸ್ಕ್ಯಾನ್ ನೋಡಿದ ಡಾಕ್ಟರು ಮೆನಿಂಜೈಟಿಸ್ (ಮೆದುಳಿನ ಪೊರೆಗೆ ಸೋಂಕು) ಇರಬಹುದು, ಬೆನ್ನಿನ ನೀರು ತೆಗೆದು ಟೆಸ್ಟ್ ಮಾಡಬೇಕು ಅಂದರು. ಅಮ್ಮ ಸಹಿ ಹಾಕೋಕೆ ಬಿಡುತ್ತಿಲ್ಲ. ನಮ್ಮೂರಲ್ಲಿ ಯಾರಿಗೋ ಹಾಗೆ ನೀರು ತೆಗೆದ ಮೇಲೆ ಕಾಲು ಬಿದ್ದುಹೋಯಿತಂತೆ. ಅತ್ತಿಗೆ ಬೆಳಗ್ಗೆಯಿಂದ ಅಳುತ್ತಾ ಕೂತಿದ್ದಾರೆ. ಈ ಟೆಸ್ಟ್ ಮಾಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ತುಂಗಾ ತೀರ:
ತಂಗಿ, ಮೊದಲು ಸಹಿ ಹಾಕಿಸು, ಆಮೇಲೆ ಮುಂದಿನದು ಓದು.

2021ರಲ್ಲಿ ನಮ್ಮ ಯಜಮಾನರಿಗೂ ಇದೇ ಆಗಿತ್ತು. ಟಿಬಿ ಮೆನಿಂಜೈಟಿಸ್. ನಮ್ಮಲ್ಲಿ ಸುಮಾರು ಜನಕ್ಕೆ ಟಿಬಿ ಅಂದರೆ ಕೆಮ್ಮು ಅಂತ ಮಾತ್ರ ಗೊತ್ತು. ಇವರಿಗೆ ಒಂದು ದಿನವೂ ಕೆಮ್ಮು ಇರಲಿಲ್ಲ. ತಲೆನೋವು, ಊಟ ಸೇರದಿರೋದು, ಸುಮ್ನೆ ಗೋಡೆ ನೋಡುತ್ತಾ ಕೂರೋದು. ನಾನು ಆಫೀಸಿನ ಟೆನ್ಷನ್ ಅಂದುಕೊಂಡೆ. ಆಸ್ಪತ್ರೆಯಲ್ಲಿ ನೀರು ತೆಗೆಯಬೇಕು ಅಂದಾಗ ನಾನೂ ನಿಮ್ಮಮ್ಮನ ಥರವೇ ಹೆದರಿ ಎರಡು ದಿನ ಸಹಿ ಹಾಕಲಿಲ್ಲ. ಎರಡನೇ ದಿನ ಸಂಜೆ ಅವರು "ಇಬ್ಬಿಬ್ಬರು ಕಾಣಿಸ್ತಿದ್ದೀರಲ್ಲೇ" ಅಂದರು. ನೋಡಿದರೆ ಎಡಗಣ್ಣು ಮೂಗಿನ ಕಡೆಗೆ ತಿರುಗಿಕೊಂಡಿತ್ತು. ಆ ಎರಡು ದಿನ ನೆನೆಸಿಕೊಂಡರೆ ನನಗೆ ಈಗಲೂ ಸಂಕಟವಾಗುತ್ತೆ.

ಟೆಸ್ಟ್ ಮಾಡುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಮಗ್ಗುಲಾಗಿ ಮಲಗಿಸಿದರು. ಮೊಣಕಾಲು ಹೊಟ್ಟೆಗೆ ಒತ್ತಿ, ಗದ್ದ ಎದೆಗೆ ತಾಗುವ ಹಾಗೆ ಮುದುಡಿಸಿದರು. ಮರಗಟ್ಟಿಸೋಕೆ ಒಂದು ಇಂಜೆಕ್ಷನ್ ಕೊಟ್ಟು, ಸೊಂಟದ ಹತ್ತಿರ ಸೂಜಿ ಹಾಕಿದರು. ಮೂರು ಪುಟ್ಟ ಬಾಟಲಿಗೆ ತೊಟ್ಟು ತೊಟ್ಟಾಗಿ ನೀರು ಬಿತ್ತು. ಬೆನ್ನುಹುರಿ ಸೊಂಟಕ್ಕಿಂತ ಮೇಲೆಯೇ ಮುಗಿಯುತ್ತೆ, ಸೂಜಿ ಹಾಕೋದು ಅದರ ಕೆಳಗೆ, ಅಲ್ಲಿ ನೀರಲ್ಲಿ ತೇಲುವ ನರದ ಎಳೆಗಳಷ್ಟೇ ಇರೋದು ಅಂತ ಡಾಕ್ಟರು ಚಿತ್ರ ಬರೆದು ತೋರಿಸಿದ್ದರು. ಎರಡು ದಿನ ಎದ್ದು ಕೂತರೆ ತಲೆನೋವು, ಮಲಗಿದರೆ ಕಮ್ಮಿ. ಅದು ಬಿಟ್ಟರೆ ಇನ್ನೇನೂ ಆಗಲಿಲ್ಲ. ಕಾಲು ಬೀಳಿಸೋದು ಈ ಕಾಯಿಲೆ. ಮೆದುಳಿನ ರಕ್ತನಾಳ ಕಟ್ಟಿಕೊಂಡು ಸ್ಟ್ರೋಕ್ ಆಗಬಹುದು. ಅಮ್ಮನಿಗೆ ಇದನ್ನು ಬಿಡಿಸಿ ಹೇಳು.

ರಿಪೋರ್ಟಿನಲ್ಲಿ ಸಕ್ಕರೆ ಅಂಶ ಕಮ್ಮಿ, ಪ್ರೋಟೀನ್ ಜಾಸ್ತಿ, ಬಿಳಿ ರಕ್ತಕಣ ಜಾಸ್ತಿ ಇತ್ತು. ಟಿಬಿ ರೋಗಾಣು ಹುಡುಕೋ ಸಿಬಿನಾಟ್ ಟೆಸ್ಟ್ ಮಾತ್ರ ನೆಗೆಟಿವ್ ಬಂತು. ನಾನು ಖುಷಿಪಟ್ಟೆ. ಅದು ನೆಗೆಟಿವ್ ಬಂದರೂ ಟಿಬಿ ಇರಬಹುದು ಅಂತ ಹೇಳಿ ಅವತ್ತೇ ಮಾತ್ರೆ ಶುರು ಮಾಡಿದರು. ಒಳ್ಳೇದೇ ಮಾಡಿದರು. ಜೊತೆಗೆ ಸ್ಟಿರಾಯ್ಡ್ ಕೊಟ್ಟು, ಎಂಟು ವಾರದಲ್ಲಿ ಮೆಲ್ಲಗೆ ಇಳಿಸಿದರು. ಟಿಬಿ ಮಾತ್ರೆ ಪೂರ್ತಿ 12 ತಿಂಗಳು, ಸರ್ಕಾರಿ ಆಸ್ಪತ್ರೆಯಿಂದ ಉಚಿತವಾಗಿ. ಮಾತ್ರೆಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ, ಹೆದರಬೇಡಿ. ಕಣ್ಣು ಮಂಜಾದರೆ ಅಥವಾ ಹಳದಿಯಾದರೆ ಮಾತ್ರ ಕೂಡಲೇ ತೋರಿಸಿ. ಮೂರನೇ ತಿಂಗಳಿಗೆ ಇವರು ಆರಾಮಾದರು, ಕಣ್ಣೂ ಸರಿಹೋಯಿತು. "ಇನ್ನು ಮಾತ್ರೆ ಯಾಕೆ" ಅಂತ ದಿನಾ ಜಗಳ. ಒಂದು ದಿನವೂ ಬಿಡೋಕೆ ಬಿಡಲಿಲ್ಲ. ನಿಮ್ಮತ್ತಿಗೆಗೂ ಆ ಗಟ್ಟಿತನ ಬೇಕಾಗುತ್ತೆ.

ನೈಟ್ ಡ್ಯೂಟಿ:
ನಾನು ನ್ಯೂರೋ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಮೇಲಿನ ಅಕ್ಕ ಹೇಳಿದ್ದೆಲ್ಲ ಸರಿ. ಸ್ಕ್ಯಾನ್ ನೋಡಿದ ಮೇಲೇ ನೀರು ತೆಗೆಯೋಣ ಅಂದಿದ್ದಾರೆ ಅಂದರೆ, ಅಪಾಯವಿದೆಯಾ ಅಂತ ನೋಡಿಕೊಂಡೇ ಹೇಳಿದ್ದಾರೆ.

ಉಳಿದವರಿಗೂ ಒಂದು ಮಾತು. ಟಿಬಿಯದು ವಾರಗಟ್ಟಲೆ ಎಳೆಯುತ್ತೆ. ನ್ಯೂಮೊಕಾಕಸ್, ಮೆನಿಂಗೊಕಾಕಸ್ ಥರದ ಬ್ಯಾಕ್ಟೀರಿಯಾ ಆದರೆ ಬೆಳಗ್ಗೆ ಓಡಾಡುತ್ತಿದ್ದವರು ರಾತ್ರಿಗೆ ಪ್ರಜ್ಞೆ ತಪ್ಪಬಹುದು. ಕತ್ತು ಬಿಗಿಯಾಗಲಿ ಅಂತ ಕಾಯಬೇಡಿ. ನೆದರ್ಲೆಂಡ್ಸಿನಲ್ಲಿ ಇಂಥ ಬ್ಯಾಕ್ಟೀರಿಯಾ ಮೆನಿಂಜೈಟಿಸಿನ ಸುಮಾರು 700 ಪ್ರಕರಣ ನೋಡಿ 2004ರಲ್ಲಿ ವರದಿ ಮಾಡಿದರು. ಜ್ವರ, ಕತ್ತಿನ ಬಿಗಿತ, ಮಂಕು ಈ ಮೂರೂ ಒಟ್ಟಿಗೆ ಇದ್ದದ್ದು ಶೇ. 44ರಷ್ಟರಲ್ಲಿ ಮಾತ್ರ. ತಲೆನೋವನ್ನೂ ಸೇರಿಸಿ ನಾಲ್ಕರಲ್ಲಿ ಎರಡಾದರೂ ಇದ್ದದ್ದು ಶೇ. 95ರಲ್ಲಿ. ಹಾಗಾಗಿ ಜೋರು ತಲೆನೋವಿನ ಜೊತೆ ಜ್ವರವೋ ಮಂಕೋ ಕಂಡರೆ, ಒತ್ತಿದರೂ ಮಾಸದ ನೇರಳೆ ಚುಕ್ಕೆ ಕಂಡರೆ 108ಕ್ಕೆ ಫೋನ್ ಮಾಡಿ. ಆಸ್ಪತ್ರೆ ಸೇರಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಹೋಗಬೇಕು.

ಲಸಿಕೆ ಇದೆ. ಹಜ್‌ಗೆ ಹೋಗುವವರಿಗೆ ಮೆನಿಂಗೊಕಾಕಸ್ ಲಸಿಕೆ ಕಡ್ಡಾಯ, ಕನಿಷ್ಠ 10 ದಿನ ಮೊದಲು. ಓದೋಕೆ ವಿದೇಶಕ್ಕೆ ಹೋಗಿ ಹಾಸ್ಟೆಲಿನಲ್ಲಿ ಇರುವ ಮಕ್ಕಳೂ ವಿಚಾರಿಸಿಕೊಳ್ಳಿ. ವಯಸ್ಸಾದವರು, ಗುಲ್ಮ (ಸ್ಪ್ಲೀನ್) ತೆಗೆಸಿದವರು ನ್ಯೂಮೊಕಾಕಸ್ ಲಸಿಕೆ ಬಗ್ಗೆ ಡಾಕ್ಟರನ್ನು ಕೇಳಿ. ವರ್ಷಗಟ್ಟಲೆ ಕಿವಿ ಸೋರುತ್ತಿದ್ದರೆ ಎಣ್ಣೆ ಬಿಟ್ಟುಕೊಂಡು ಇರಬೇಡಿ. ಕಿವಿಯಿಂದ ಸೋಂಕು ಮೆದುಳಿಗೆ ಹೋದವರನ್ನು ನಾನೇ ನೋಡಿದ್ದೀನಿ.

ಹಾಸನದ ತಂಗಿ:
ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಕಣ್ಣು ತಿರುಗಿದ್ದು ಕೇಳಿ ಸುಮ್ಮನಾದರು. ಅತ್ತಿಗೆ ಸಹಿ ಹಾಕಿದರು. ಸಂಜೆ ಆರಕ್ಕೆ ನೀರು ತೆಗೆದರು, ಈಗ ಮಲಗಿದ್ದಾನೆ. ಕಾಲು ಆಡಿಸಿ ತೋರಿಸಿದ. ಟಿಬಿ ಅಂತ ಬಂದರೆ ಮನೆಯಲ್ಲಿರೋ ಮಗುವಿಗೆ ಅಂಟುತ್ತಾ?

ತುಂಗಾ ತೀರ:
ಅಬ್ಬ, ಈಗ ಸಮಾಧಾನವಾಯಿತು. ಮೆದುಳಿನ ಟಿಬಿ ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಶ್ವಾಸಕೋಶದ್ದು ಅಂಟುತ್ತೆ. ಅದಕ್ಕೆ ಅಣ್ಣನ ಎದೆಯ ಎಕ್ಸ್‌ರೇ ತೆಗೆಸ್ತಾರೆ. ಅಲ್ಲೂ ಇದ್ದರೆ ಮನೆಯವರನ್ನೆಲ್ಲ ಪರೀಕ್ಷೆ ಮಾಡಿ, ಕಾಯಿಲೆ ಇಲ್ಲದವರಿಗೂ ತಡೆಯೋ ಮಾತ್ರೆ ಕೊಡ್ತಾರೆ. ಮಗುವಿಗೆ ಟಿಬಿ ತಡೆಯೋ ಬಿಸಿಜಿ ಲಸಿಕೆ ಹಾಕಿಸಿದ್ದೀರಾ ಅಂತಲೂ ನೋಡಿ. ಮೊದಲು ಅತ್ತಿಗೆ ಊಟ ಮಾಡಿದ್ದಾರಾ ಕೇಳು. ರಾತ್ರಿ ಅಣ್ಣನ ಹತ್ತಿರ ನೀನು ಕೂತುಕೋ, ಅವರು ಒಂದೆರಡು ಗಂಟೆ ಮಲಗಲಿ.